ಅಕ್ಕನ ಕೈಮೇಲಿನ ಮಚ್ಚೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲೊಂದು ಗುಟ್ಟಿತ್ತು. ಅಕ್ಕನ ಬಲ ಮುಂಗೈ ಮೇಲೆ ಬಿಳಿಚಿಕೊಂಡ ಮಚ್ಚೆಯೊಂದು ಮೂಡಿತ್ತು. ಅವ್ವ ಅದಕ್ಕೆ ದಿನಾ ಬೇವಿನೆಣ್ಣೆ ಹಚ್ಚುತ್ತಿದ್ದಳು. ಅಕ್ಕನಿಗೆ ಉದ್ದ ತೋಳಿನ ಕುಪ್ಪಸ ಹೊಲಿಸಿದ್ದಳು. ದೇವದುರ್ಗದ ಕಡೆ ಅಕ್ಕನಿಗೆ ಗಂಡು ಗೊತ್ತಾಗಿತ್ತು. “ಯಾರ ಮುಂದೂ ಬಾಯಿ ಬಿಡಬ್ಯಾಡ” ಎಂದು ಅವ್ವ ನನಗೆ ತಾಕೀತು ಮಾಡಿದ್ದಳು.

ನಮ್ಮೂರು ಮಾನ್ವಿ ತಾಲ್ಲೂಕಿನ ಕವಿತಾಳದ ಹತ್ತಿರ. ಒಂದು ಬೆಳಿಗ್ಗೆ ರಾಯಚೂರಿನ ಧರ್ಮಾಸ್ಪತ್ರೆಯ ಜೀಪು ನಮ್ಮ ಶಾಲೆಗೆ ಬಂತು. ನರ್ಸಮ್ಮ ಒಬ್ಬೊಬ್ಬರನ್ನೇ ಕರೆದು, ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಕೈಕಾಲು ಮುಟ್ಟಿ ನೋಡಿದರು. ಕಚಗುಳಿಯಾಗಿ ನಾವೆಲ್ಲ ನಕ್ಕೆವು.

“ಮಚ್ಚಿ ಇದ್ದಲ್ಲಿ ಮುಟ್ಟಿದ್ದು ಗೊತ್ತಾಗಲಿಲ್ಲ ಅಂದ್ರ ಅದು ಕುಷ್ಠ ಇರಬಹುದು. ಲಗೂನ ಗುಳಿಗಿ ತಗೊಂಡ್ರ ವಾಸಿ ಆಗ್ತದ. ತಡಾ ಮಾಡಿದ್ರ ಬೆರಳು ಹೋಗ್ತಾವ” ಎಂದರು ಅವರು.

ನನ್ನ ನಗು ನಿಂತುಹೋಯಿತು. ಹಿಂದಿನ ವಾರ ಅಕ್ಕನ ಕೈ ಒಲೆಯ ಮೇಲಿನ ಹಂಚಿಗೆ ತಾಗಿ ಸುಟ್ಟ ವಾಸನೆ ಬಂದಿತ್ತು. ಅಕ್ಕ ಮಾತ್ರ ಏನೂ ಆಗದವಳಂತೆ ರೊಟ್ಟಿ ಬಡಿಯುತ್ತಲೇ ಇದ್ದಳು. ಊರ ಹೊರಗೆ ಬೆರಳಿಲ್ಲದ ಮುದುಕನೊಬ್ಬ ಇದ್ದ. ಜನ ದೂರದಲ್ಲೇ ನಿಂತು ಅವನತ್ತ ರೊಟ್ಟಿ ಎಸೆಯುತ್ತಿದ್ದರು. ಅವನ ಕೈ ನನ್ನ ಕಣ್ಣಮುಂದೆ ಬಂತು.

“ಮತ್ತ ಯಾವಾಗ ಬರ್ತೀರಿ?” ಎಂದು ಕೇಳಿದೆ.

“ಬ್ಯಾರೆ ಊರು ಭಾಳ ಅದಾವವ್ವಾ. ಮುಂದಿನ ವರ್ಷ.”

ಜೀಪು ಹೊರಟಿತು. ಹೇಳಿದರೆ ಅವ್ವ ಕೊಲ್ಲುತ್ತಾಳೆ. ಹೇಳದಿದ್ದರೆ? ಧೂಳಿನಲ್ಲಿ ಕೆಮ್ಮುತ್ತಾ, ಕೈ ಬೀಸುತ್ತಾ ಅದರ ಹಿಂದೆ ಓಡಿದೆ. ಜೀಪು ನಿಂತಾಗ ಅಕ್ಕನ ಮಚ್ಚೆಯ ವಿಷಯ ಹೇಳಿ ಅವರನ್ನು ಮನೆಗೆ ಕರೆತಂದೆ.

ನರ್ಸಮ್ಮನನ್ನು ಕಂಡದ್ದೇ ಅವ್ವ ಬಾಗಿಲಿಗೆ ಅಡ್ಡ ನಿಂತಳು. “ನಮ್ಮನ್ಯಾಗ ಯಾರಿಗೂ ಏನೂ ಆಗಿಲ್ರಿ. ಹೋಗ್ರಿ.” ನನ್ನತ್ತ ತಿರುಗಿ, “ಅಕ್ಕನ ಮದುವಿ ಮುರಿಸ್ತೀಯೇನ ಬೇ?” ಎಂದಳು. ಅಷ್ಟರಲ್ಲಿ ಅಕ್ಕ ತಾನೇ ಹೊರಗೆ ಬಂದು, ತೋಳು ಮೇಲೇರಿಸಿ ನೆಲದ ಮೇಲೆ ಕೂತು ಕಣ್ಣು ಮುಚ್ಚಿದಳು.

ಎಡಗೈಗೆ ಹತ್ತಿ ತಾಗಿತು. “ಹೂಂ” ಎಂದಳು ಅಕ್ಕ. ನರ್ಸಮ್ಮ ಮಚ್ಚೆಯ ಮೇಲೆ ಎಳೆದರು. ಮತ್ತೆ ಎಳೆದರು. ಅಕ್ಕ ಕಾಯುತ್ತಲೇ ಇದ್ದಳು.

“ಇನ್ನೂ ಮುಟ್ಟಿಲ್ಲೇನ್ರಿ?”

ಅವ್ವ ಹೊಸ್ತಿಲಲ್ಲೇ ಕುಸಿದಳು. ನರ್ಸಮ್ಮ ಅಕ್ಕನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. “ಕುಡಿಯಾಕ ನೀರು ಕೊಡವ್ವಾ” ಎಂದು ಕೇಳಿ, ಅಕ್ಕ ತಂದುಕೊಟ್ಟ ನೀರನ್ನು ಪೂರ್ತಿ ಕುಡಿದರು. ಓಣಿಯ ಜನ ನೋಡುತ್ತಾ ನಿಂತಿದ್ದರು.

ಮದುವೆ ಮುರಿಯಿತು. ಎರಡು ತಿಂಗಳು ಅಕ್ಕ ನನ್ನೊಡನೆ ಮಾತಾಡಲಿಲ್ಲ. ಅಪ್ಪ ಅವಳನ್ನು ತಿಂಗಳಿಗೊಮ್ಮೆ ಬಸ್ಸಿನಲ್ಲಿ ರಾಯಚೂರಿಗೆ ಕರೆದೊಯ್ದು ಪುಕ್ಕಟೆ ಗುಳಿಗೆ ಕೊಡಿಸುತ್ತಿದ್ದ. ವರ್ಷಗಟ್ಟಲೆ ನುಂಗಿ ಅವಳು ಗುಣವಾದಳು. ಒಂದು ಬೆರಳೂ ಹೋಗಲಿಲ್ಲ. ಮುಂದೆ, ಎಲ್ಲವನ್ನೂ ತಿಳಿದೇ ದೇವಸುಗೂರಿನವರೊಬ್ಬರು ಅವಳನ್ನು ಮದುವೆಯಾದರು.

ಮಕ್ಕಳೇ, ನೀವು ಸೊಳ್ಳೆ ಕಚ್ಚಿದರೂ ಓಡಿ ಬಂದು ಎಲ್ಲರಿಗೂ ತೋರಿಸುತ್ತೀರಿ. ನಮ್ಮ ಕಾಲದಲ್ಲಿ ರೋಗಕ್ಕಿಂತ ಅದು ನಾಲ್ಕು ಜನರಿಗೆ ಗೊತ್ತಾಗುವುದೇ ದೊಡ್ಡ ಭಯವಾಗಿತ್ತು. ನೀವು ಹಾಗೆ ಓಡಿ ಬರುವುದನ್ನು ಕಂಡಾಗ ನನಗೆ ಎಷ್ಟೋ ನೆಮ್ಮದಿ. ಅಂದ ಹಾಗೆ, ಪ್ರತಿ ರಜೆಗೂ ಬಂದು ನಿಮ್ಮ ಜಡೆ ಹೆಣೆಯುವ ದೊಡ್ಡಜ್ಜಿ ಇದ್ದಾಳಲ್ಲ, ಅವಳೇ ನನ್ನ ಅಕ್ಕ.