ವಿಯೆನ್ನಾದಲ್ಲಿ ನಾನು ಕೊಟ್ಟ ದೂರು

ಬುಸೈತೀನಿನ ನಮ್ಮ ಫ್ಲ್ಯಾಟಿನಿಂದ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ಅಷ್ಟರೊಳಗೆ ನನ್ನ ಹೆಂಡತಿ ಲಿಲ್ಲಿ ಮೂರು ಸಲ ಬ್ಯಾಗು ತೆರೆದು ಪಾಸ್‌ಪೋರ್ಟ್ ಇದೆಯೇ ಎಂದು ನೋಡಿದಳು. ನವೆಂಬರ್ ತಿಂಗಳು, ಬಹ್ರೈನಿನಲ್ಲಿ ಸೆಕೆ ಆಗಷ್ಟೇ ಇಳಿದಿತ್ತು. ನಾನು ಮಾತ್ರ ಗೆಳೆಯನಿಂದ ಕೇಳಿ ತಂದ ಉಣ್ಣೆಯ ಕೋಟನ್ನು ಮನೆಯಿಂದಲೇ ತೊಟ್ಟುಕೊಂಡು ಬೆವರುತ್ತಿದ್ದೆ.

ಅಲ್ಲಿನ ಡಿಪ್ಲೊಮ್ಯಾಟಿಕ್ ಏರಿಯಾ ಎಂಬ ಬಡಾವಣೆಯ ಒಂದು ದೊಡ್ಡ ಹೋಟೆಲಿನಲ್ಲಿ ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್. ಹಾಸಿಗೆ ಸರಿಯಾಗಿದೆಯೇ, ಸ್ನಾನದ ಕೋಣೆ ಒಣಗಿದೆಯೇ, ಬಾಗಿಲಿನ ಮೇಲಂಚಿನಲ್ಲಿ ಧೂಳಿದೆಯೇ ಎಂದು ನೋಡುವುದೇ ಕೆಲಸ. ನಮ್ಮೂರು ಶಿರ್ವದಿಂದ ಬಂದು ರೂಮು ಗುಡಿಸುವವನಾಗಿ ಸೇರಿದ್ದೆ, ಇಪ್ಪತ್ತೆರಡು ವರ್ಷವಾಯಿತು. ಅದಕ್ಕೆ ಬಹುಮಾನವಾಗಿ ಕಂಪನಿಯವರು ವಿಯೆನ್ನಾದಲ್ಲಿ ತಮ್ಮ ಪಾಲುದಾರರ ಹಳೆಯ ಹೋಟೆಲೊಂದರಲ್ಲಿ ನಮ್ಮಿಬ್ಬರಿಗೆ ಮೂರು ದಿನದ ವಾಸ ಕೊಟ್ಟಿದ್ದರು. ಲಿಲ್ಲಿ ಕ್ಲಿನಿಕ್ಕಿನಲ್ಲಿ ನರ್ಸ್. ರಜೆ ಸಿಗುವುದೇ ಕಷ್ಟ. ಹೇಗೋ ಹೊಂದಿಸಿಕೊಂಡು ಹೊರಟಳು.

ಇಸ್ತಾಂಬುಲಿನಲ್ಲಿ ವಿಮಾನ ಬದಲಿಸಿ ಮಧ್ಯಾಹ್ನದ ಹೊತ್ತಿಗೆ ವಿಯೆನ್ನಾ ತಲುಪಿದೆವು. ನಗರದೊಳಗೆ ಹೋಗುವ ಸಾಧಾರಣ ರೈಲಿಗೆ ತಲೆಗೆ ಐದು ಯೂರೋದಷ್ಟು, ಅಂದರೆ ನಮ್ಮ ಎರಡು ದಿನಾರ್. ಹೊರಗೆ ಸಣ್ಣ ಮಳೆ, ಮೂಳೆಗೆ ಇಳಿಯುವ ಚಳಿ. ಈಗ ಕೋಟು ಇದ್ದದ್ದು ಒಳ್ಳೆಯದಾಯಿತು ಅನಿಸಿತು.

ಹೋಟೆಲು ಊರಿನ ನಡುವೆ, ಟ್ರಾಮುಗಳು ಓಡುವ ಅಗಲ ಬೀದಿಯಲ್ಲಿತ್ತು. ನೂರೈವತ್ತು ವರ್ಷದ ಹಿಂದೆ ಯಾರೋ ಪ್ರಭುವಿನ ಅರಮನೆಯಾಗಿತ್ತಂತೆ. ಮರದ ತಿರುಗು ಬಾಗಿಲು, ಕೆಂಪು ಕಂಬಳಿ ಹಾಸಿದ ಅಮೃತಶಿಲೆಯ ಮೆಟ್ಟಿಲು, ಲಿಫ್ಟಿನೊಳಗೆ ಕೂರಲು ಮಖಮಲ್ಲಿನ ಒಂದು ಬೆಂಚು. ನಮ್ಮ ಎರಡು ಪೆಟ್ಟಿಗೆಗಳನ್ನು ಹಿತ್ತಾಳೆಯ ಗಾಡಿಯಲ್ಲಿಟ್ಟು ತಳ್ಳಿಕೊಂಡು ಹೋದರು. ಒಂದಕ್ಕೆ ಲಿಲ್ಲಿ ಗುರುತಿಗೆಂದು ಹಸಿರು ರಿಬ್ಬನ್ ಕಟ್ಟಿದ್ದಳು. ಆ ಗಾಡಿಯ ಮೇಲೆ ಅದನ್ನು ನೋಡಿ ನನಗೆ ಮುಜುಗರವಾಯಿತು. ಹೀಗೆ ಮುಜುಗರಪಡುವುದು ಅಲ್ಲಿಂದಲೇ ಶುರುವಾಗಿತ್ತು ಎಂದು ಈಗ ಅನಿಸುತ್ತದೆ.

ಕೋಣೆಗೆ ಬಂದ ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ನಲವತ್ತೈದರ ಆಸುಪಾಸಿನ ಹೆಂಗಸು, ಬೂದು ಬಣ್ಣದ ಸಮವಸ್ತ್ರ, ಕೈಯಲ್ಲಿ ಟವೆಲ್ಲು. ನಮ್ಮ ಮುಖ ನೋಡಿ ಹಿಂದಿಯಲ್ಲಿ, "ಇಂಡಿಯಾದವರಾ?" ಎಂದಳು.

"ಹೌದು. ಈಗ ಇರುವುದು ಬಹ್ರೈನಿನಲ್ಲಿ" ಎಂದಳು ಲಿಲ್ಲಿ.

"ಬಹ್ರೈನಾ! ನನ್ನ ತಂಗಿ ಅಲ್ಲೇ ಇದ್ದಾಳೆ, ಬುದಯ್ಯದಲ್ಲಿ ಒಂದು ಮನೆಯಲ್ಲಿ ಕೆಲಸಕ್ಕೆ." ಅವಳು ನೇಪಾಳದವಳು, ಹೆಸರು ದಿಲ್‌ಮಾಯಾ. ಚಳಿಗೆ ಲಿಲ್ಲಿ ಮುದುಡಿ ಕುಳಿತದ್ದು ಕಂಡು, ಕೇಳದೆಯೇ ಇನ್ನೊಂದು ರಜಾಯಿಯನ್ನೂ ನೀರು ಕಾಯಿಸುವ ಕೆಟಲನ್ನೂ ತಂದುಕೊಟ್ಟಳು. ವಿಮಾನದ ಗಾಳಿಗೆ ಲಿಲ್ಲಿಗೆ ತಲೆನೋವು ಹಿಡಿದಿತ್ತು. ಬಿಸಿನೀರು ಕುಡಿದು, ಹಣೆಗೆ ಹಳದಿ ಮುಲಾಮು ತಿಕ್ಕಿಕೊಂಡು ಬೇಗನೆ ಮಲಗಿದಳು.

ಮರುದಿನ ಬೆಳಗಿನ ತಿಂಡಿಯ ಸಭಾಂಗಣದಲ್ಲಿ ಮೊಟ್ಟೆಯೊಂದನ್ನೇ ಎಂಟು ವಿಧದಲ್ಲಿ ಮಾಡಿಟ್ಟಿದ್ದರು. ತಿಂದು, ದೊಡ್ಡ ಇಗರ್ಜಿ ನೋಡಿಕೊಂಡು, ಮಧ್ಯಾಹ್ನ ಕೋಣೆಗೆ ಮರಳಿದೆವು. ಕೋಣೆ ಆಗಲೇ ಸಜ್ಜಾಗಿತ್ತು. ಲಿಲ್ಲಿ ಸ್ನಾನಕ್ಕೆ ಹೋದಳು. ನಾನು ಅಭ್ಯಾಸಬಲದಿಂದ ಹಾಸಿಗೆ ಸುತ್ತ ನಡೆದು ನೋಡಿದೆ. ಕಿಟಕಿ ಬದಿಯ ದಿಂಬನ್ನು ಮಗುಚಿದಾಗ ಅಂಗೈಯಗಲದ ಹಳದಿ ಕಲೆ ಕಂಡಿತು. ದಿಂಬು, ಹಾಸಿಗೆಯ ಬಟ್ಟೆ ಬದಲಿಸಬೇಕಿದ್ದರೆ ಹಾಸಿಗೆ ಮೇಲೆ ಇಡಬೇಕಾದ ಕಾರ್ಡು ಮೇಜಿನ ಮೇಲೆಯೇ ಇತ್ತು, ನಾವು ಇಟ್ಟಿರಲಿಲ್ಲ; ಹಾಗಾಗಿ ಬಟ್ಟೆ ನಿನ್ನೆಯದೇ. ಬಗ್ಗಿ ಮೂಸಿದೆ. ಕರ್ಪೂರದಂಥ ಸಣ್ಣ ವಾಸನೆ. ದಿಂಬನ್ನು ಮೊದಲಿನಂತೆ ಇಟ್ಟೆ.

ಸಂಜೆ ನಾಲ್ಕಕ್ಕೆ ಹೋಟೆಲಿನ ಮ್ಯಾನೇಜರು ನಮ್ಮಂತೆ ಬಹುಮಾನ ಪಡೆದು ಬಂದವರನ್ನು ಚಹಾಕ್ಕೆ ಕರೆದಿದ್ದರು. ಲಿಲ್ಲಿ ಕೋಣೆಯಲ್ಲೇ ಉಳಿದಳು. ದುಬೈಯಿಂದ ಬಂದ ಒಬ್ಬ ಫ್ರಂಟ್ ಆಫೀಸಿನವನು, ಲಂಡನ್ನಿನ ಒಬ್ಬ ಬಾಣಸಿಗ, ಇನ್ನಿಬ್ಬರು. ಎಲ್ಲರಿಗೂ ಅವರವರ ಅಳತೆಯ ಕೋಟು. ಎಲ್ಲರೂ ಸರಾಗವಾಗಿ ಮಾತಾಡುತ್ತಿದ್ದರು. ನನ್ನ ಮುಂದೆ ಚಹಾಕ್ಕೆ ಒಂದು, ಕೇಕಿಗೆ ಒಂದು, ಹಣ್ಣಿಗೆ ಒಂದು ಎಂದು ಮೂರು ಬಗೆಯ ಚಮಚ ಇಟ್ಟಿದ್ದರು. ಅರ್ಧ ಗಂಟೆ ಸುಮ್ಮನೆ ನಗುತ್ತ ಕುಳಿತೆ. ಆಗ ಮ್ಯಾನೇಜರು ನನ್ನತ್ತ ತಿರುಗಿ, "ಮಿಸ್ಟರ್ ಆಲ್ಬನ್, ನೀವು ಹೌಸ್‌ಕೀಪಿಂಗಿನವರು. ನಮ್ಮ ಕೋಣೆಗಳ ಬಗ್ಗೆ ನಿಮ್ಮ ಕಣ್ಣಿಗೆ ಏನು ಬಿತ್ತು, ಹೇಳಿ" ಎಂದರು.

ಎಲ್ಲರೂ ನನ್ನನ್ನು ನೋಡಿದರು. "ಕೋಣೆ ಚೆನ್ನಾಗಿದೆ. ಆದರೆ ದಿಂಬಿನಲ್ಲಿ ಕಲೆ ಇದೆ. ಹಿಂದಿನ ಗೆಸ್ಟಿನದ್ದಿರಬೇಕು, ಮಗುಚಿ ಇಟ್ಟಿದ್ದಾರೆ" ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. "ನಮ್ಮಲ್ಲಿ ಇದಕ್ಕೆ ವಾರ್ನಿಂಗ್ ಲೆಟರ್ ಕೊಡುತ್ತೇವೆ" ಎಂದೂ ಸೇರಿಸಿದೆ. ಲಂಡನ್ನಿನವನು ತಲೆದೂಗಿದ. ಮ್ಯಾನೇಜರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಕೋಣೆಯ ನಂಬರು ಬರೆದುಕೊಂಡರು. ಆ ಮೇಜಿನಲ್ಲಿ ನನಗೂ ಒಂದು ಜಾಗ ಸಿಕ್ಕಿತು ಎಂದು ಹಿಗ್ಗಿದೆ.

ಒಂದು ಗಂಟೆಯೊಳಗೆ ಕೋಣೆಯ ಬಾಗಿಲಿಗೆ ಅಲ್ಲಿನ ಸೂಪರ್‌ವೈಸರ್ ಬಂದಳು. ಅವಳ ಹಿಂದೆ ದಿಲ್‌ಮಾಯಾ. ಸೂಪರ್‌ವೈಸರ್ ಕೈಯಲ್ಲಿ ಚಾಕೊಲೇಟಿನ ತಟ್ಟೆ, ಕ್ಷಮೆಯ ಪತ್ರ. ದಿಲ್‌ಮಾಯಾಳ ಕೈಯಲ್ಲಿ ಹೊಸ ದಿಂಬು. "ಸಾರಿ ಸರ್, ಸಾರಿ ಮೇಡಂ" ಎಂದು ದಿಲ್‌ಮಾಯಾ ಇಂಗ್ಲಿಷಿನಲ್ಲಿ ಹೇಳಿದಳು. ಹಿಂದಿನ ದಿನದ ಹಿಂದಿ ಇರಲಿಲ್ಲ. ದಿಂಬು ಬದಲಿಸಿ ಹೊರಟುಹೋದರು.

"ಎಂತ ಇದು? ಯಾಕೆ ಸಾರಿ?" ಎಂದಳು ಲಿಲ್ಲಿ. ಹೇಳಿದೆ.

"ಯಾವ ದಿಂಬು? ಕಿಟಕಿ ಬದಿಯದ್ದಾ? ಅದು ನನ್ನ ಮುಲಾಮು ಮಾರಾಯ್ರೇ! ನಿಮ್ಮ ಎದುರೇ ಹಚ್ಚಿದ್ದಲ್ವಾ ನಿನ್ನೆ?"

"ನನಗೆ ಗೊತ್ತಾಗ್ಲಿಲ್ಲ."

"ನಿಮಗೆ ಗೊತ್ತಾಗ್ಲಿಲ್ವಾ? ಬೆಡ್‌ಶೀಟ್ ನೋಡಿ ಗೆಸ್ಟ್ ಯಾವ ಊರಿನವನು ಅಂತ ಹೇಳುವ ಜನ ನೀವು!"

ಗೊತ್ತಿತ್ತು. ಮೂಸಿದಾಗಲೇ ಗೊತ್ತಾಗಿತ್ತು. ಚಹಾದ ಮೇಜಿನಲ್ಲಿ ಬಾಯಿ ತೆರೆದಾಗಲೂ ಮೂಗಿನಲ್ಲಿ ಆ ವಾಸನೆ ಇತ್ತು.

"ಈಗಲೇ ಹೋಗಿ ಹೇಳಿ ಬನ್ನಿ" ಎಂದಳು.

"ಬಿಡು ಮಾರಾಯ್ತಿ, ನಾಡಿದ್ದು ಹೋಗುವವರು ನಾವು. ಅವಳಿಗೆ ಏನೂ ಮಾಡುವುದಿಲ್ಲ."

"ಏನು ಮಾಡ್ತಾರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತುಂಟು?"

ಮೂರನೆಯ ದಿನ ಟ್ರಾಮು ಮತ್ತು ಮೆಟ್ರೋ ಹಿಡಿದು ಚಕ್ರವರ್ತಿಗಳ ಬೇಸಿಗೆ ಅರಮನೆಗೆ ಹೋದೆವು. ಹಳದಿ ಬಣ್ಣದ ಬಲು ಉದ್ದದ ಕಟ್ಟಡ, ಹಿಂದೆ ಎಲೆ ಉದುರಿದ ತೋಟ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೋಣೆಯಿಂದ ಕೋಣೆಗೆ ನಡೆದೆವು. ರಾಣಿಯ ಮಲಗುವ ಕೋಣೆಯಲ್ಲಿ ನಾನು ಹಾಸಿಗೆಯನ್ನು ಮಾತ್ರ ನೋಡಿದೆ. ಲಿಲ್ಲಿ ನನಗಿಂತ ಒಂದು ಕೋಣೆ ಮುಂದೆಯೇ ನಡೆದಳು. ಆ ಊರಿನ ಹೆಸರಾಂತ ಚಾಕೊಲೇಟ್ ಕೇಕು ತರಿಸಿದೆ. ಅರ್ಧ ತಿಂದು ತಟ್ಟೆ ನನ್ನತ್ತ ತಳ್ಳಿದಳು. "ಮ್ಯಾನೇಜರಿಗೆ ನಾನು ಹೇಳಿದ್ರೆ ಅದು ನೀವು ಹೇಳಿದ ಹಾಗೆ ಆಗುವುದಿಲ್ಲ" ಎಂದಳು. ಅಷ್ಟೇ.

ಹೋಟೆಲಿಗೆ ಮರಳಿದಾಗ ನಮ್ಮ ಮಹಡಿಯಲ್ಲಿ ಬೇರೆಯವಳೊಬ್ಬಳು ಗಾಡಿ ತಳ್ಳುತ್ತಿದ್ದಳು. ದಿಲ್‌ಮಾಯಾ ಎಲ್ಲಿ ಎಂದು ಕೇಳಿದೆ. ಬೆರಳನ್ನು ಕೆಳಕ್ಕೆ ತೋರಿಸಿ, "ಲಾಂಡ್ರಿ. ವಾರ್ನಿಂಗ್ ಲೆಟರ್" ಎಂದಳು.

ಎಲ್ಲ ಹೋಟೆಲುಗಳ ಹಿಂಬದಿಯೂ ಒಂದೇ. ಗೋಡೆಯ ಬಣ್ಣದಲ್ಲೇ ಮರೆಸಿಟ್ಟ ಬಾಗಿಲನ್ನು ಹುಡುಕಲು ನನಗೆ ಹೊತ್ತು ಹಿಡಿಯಲಿಲ್ಲ. ತಳ್ಳಿದರೆ ಅಮೃತಶಿಲೆ ಮುಗಿದು ಸಿಮೆಂಟಿನ ಮೆಟ್ಟಿಲು. ನೆಲಮಾಳಿಗೆಯಲ್ಲಿ ಆವಿ, ಸೋಪಿನ ವಾಸನೆ, ಯಂತ್ರಗಳ ಸದ್ದು. ದಿಲ್‌ಮಾಯಾ ಉದ್ದ ಮೇಜಿನ ಮುಂದೆ ನಿಂತು ಟವೆಲ್ಲು ಮಡಿಸುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾದಳು.

"ದಿಂಬಿನ ಕಲೆ ನನ್ನ ಹೆಂಡತಿಯ ಮುಲಾಮಿನದ್ದು. ನನಗೆ ಗೊತ್ತಿದ್ದೂ ಹೇಳಿದೆ. ತಪ್ಪಾಯಿತು" ಎಂದು ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದೆ.

ಅವಳು ಕೈ ನಿಲ್ಲಿಸಲಿಲ್ಲ. "ನನಗೂ ಗೊತ್ತಾಯಿತು ಸರ್. ದಿಂಬು ಎತ್ತಿದಾಗ ವಾಸನೆ ಬಂತು. ನಮ್ಮ ಅಮ್ಮನೂ ಅದನ್ನೇ ಹಚ್ಚುತ್ತಾಳೆ."

"ಮತ್ತೆ ಸೂಪರ್‌ವೈಸರಿಗೆ ಯಾಕೆ ಹೇಳಲಿಲ್ಲ?"

"ಗೆಸ್ಟ್ ಸುಳ್ಳು ಹೇಳಿದರು ಅಂತಲಾ? ನೀವೂ ಇದೇ ಕೆಲಸದವರಂತೆ. ನಿಮ್ಮ ಹುಡುಗಿಯರು ಹಾಗೆ ಹೇಳಿದರೆ ನೀವು ಕೇಳುತ್ತೀರಾ?"

ನನಗೆ ರೆಹಾನಾಳ ನೆನಪಾಯಿತು. ನಮ್ಮ ಹೋಟೆಲಿನಲ್ಲಿದ್ದ ಬಾಂಗ್ಲಾದೇಶದ ಹುಡುಗಿ. ಒಡೆದ ಹೂದಾನಿಗೆ ಅವಳ ಮೇಲೆ ದೂರು ಬಂದಾಗ, "ನಾನಲ್ಲ ಸರ್" ಎಂದಿದ್ದಳು. ಅವಳ ಮಾತು ಮುಗಿಯುವ ಮೊದಲೇ ನಾನು ವಾರ್ನಿಂಗ್ ಲೆಟರಿಗೆ ಸಹಿ ಹಾಕಿದ್ದೆ.

"ಮ್ಯಾನೇಜರಿಗೆ ಈಗಲೇ ಹೇಳುತ್ತೇನೆ" ಎಂದೆ.

"ಹೇಳಿ ಸರ್. ಆದರೆ ಮತ್ತೆ ಇಲ್ಲಿಗೆ ಬರಬೇಡಿ. ಗೆಸ್ಟ್ ಯಾಕೆ ಕೆಳಗೆ ಬಂದರು ಅಂತ ನನ್ನನ್ನೇ ಕೇಳುತ್ತಾರೆ."

ಮ್ಯಾನೇಜರು ನನ್ನ ಮಾತು ಕೇಳಿ ದೊಡ್ಡದಾಗಿ ನಕ್ಕರು. ಎಂಥ ಪ್ರಾಮಾಣಿಕತೆ ಎಂದು ಹೊಗಳಿದರು; ಆ ವಿಷಯವನ್ನು ಮರೆತುಬಿಡಿ ಎಂದರು. ಮರೆಯುವುದು ಬೇಡ, ಲೆಟರ್ ಹಿಂದಕ್ಕೆ ಪಡೆಯಿರಿ ಎಂದೆ. ಅವರ ನಗು ಸ್ವಲ್ಪ ಇಳಿಯಿತು. ಹೋಟೆಲಿನದ್ದೇ ದಪ್ಪ ಕಾಗದದಲ್ಲಿ ನಡೆದದ್ದನ್ನು ಬರೆದು, ಹೆಸರು, ಹುದ್ದೆ ಹಾಕಿ ಸಹಿ ಮಾಡಿದೆ. ಮ್ಯಾನೇಜರು ಸೂಪರ್‌ವೈಸರನ್ನು ಕರೆಸಿ ಅದನ್ನು ನನ್ನೆದುರೇ ಫೈಲಿಗೆ ಸೇರಿಸಿದರು. ಸೋಮವಾರದಿಂದ ದಿಲ್‌ಮಾಯಾ ಮತ್ತೆ ಮಹಡಿಗೆ ಬರುತ್ತಾಳೆ ಎಂದರು. ನಾವು ಹೊರಡುವುದು ಶನಿವಾರ.

ಹೊರಡುವ ಬೆಳಗ್ಗೆ ಮಳೆ ನಿಂತಿತ್ತು. ಟ್ಯಾಕ್ಸಿ ತಿರುಗುವಾಗ ಹಿಂದಕ್ಕೆ ನೋಡಿದೆ. ಸಾಲು ಕಿಟಕಿಗಳಲ್ಲಿ ನಮ್ಮದು ಯಾವುದೆಂದು ತಿಳಿಯಲಿಲ್ಲ. ನೆಲಮಾಳಿಗೆಗಂತೂ ಕಿಟಕಿಯೇ ಇರಲಿಲ್ಲ. "ಹೇಳಿದ್ರಲ್ಲ, ಸಾಕು" ಎಂದಳು ಲಿಲ್ಲಿ. ಸಾಕಾಯಿತು ಎಂದು ನನಗೆ ಅನಿಸಲಿಲ್ಲ.

ಬಹ್ರೈನಿಗೆ ಬಂದ ಮೂರನೆಯ ದಿನ ನಮ್ಮ ಜನರಲ್ ಮ್ಯಾನೇಜರು ಸ್ಟಾಫ್ ಕ್ಯಾಂಟೀನಿನಲ್ಲಿ ಎಲ್ಲರನ್ನೂ ಸೇರಿಸಿ, "ಆಲ್ಬನ್ ವಿಯೆನ್ನಾ ನೋಡಿ ಬಂದಿದ್ದಾರೆ, ಕೇಳೋಣ" ಎಂದರು. ತಿರುಗು ಬಾಗಿಲು, ಲಿಫ್ಟಿನ ಬೆಂಚು, ಎಂಟು ವಿಧದ ಮೊಟ್ಟೆ ಎಲ್ಲ ಹೇಳಿದೆ. ಜನ ನಕ್ಕರು. ಕೊನೆಗೆ ಮೂರನೇ ಮಹಡಿಯ ಹುಡುಗಿಯೊಬ್ಬಳು ಎದ್ದು ನಿಂತು, "ಅಲ್ಲಿ ರೂಮು ಮಾಡುವವರು ಹೇಗಿದ್ದಾರೆ ಸರ್?" ಎಂದಳು.

"ನಮಗಿಂತ ಚೆನ್ನಾಗಿ ಮಾಡುತ್ತಾರೆ. ಒಬ್ಬಳಿದ್ದಳು..." ಎಂದೆ. ನಾನು ಕೊಟ್ಟ ಸುಳ್ಳು ದೂರಿನ ವಿಷಯಕ್ಕೆ ಬರಬೇಕಾದಲ್ಲಿ ಮಾತು ನಿಲ್ಲಿಸಿ ನೀರಿನ ಲೋಟ ಎತ್ತಿಕೊಂಡೆ. ನಾನು ಮುಗಿಸಿದೆನೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕುಳಿತುಬಿಟ್ಟೆ.