ಮೆತೋದನ ‘ಬೇಡ’

ಮೆತೋದನಿಗೆ ‘ಬೇಡ’ ಅನ್ನೋಕೆ ಬರುತ್ತಿರಲಿಲ್ಲ. ಯೆಸೆನಿತ್ಸೆ ಪಟ್ಟಣದಿಂದ ಕಣಿವೆಯ ಊರುಗಳಿಗೆ ಬಸ್ಸು ಓಡಿಸಿ ನಿವೃತ್ತನಾದವನು. ನಿಲ್ದಾಣವಲ್ಲದ ಕಡೆ ಯಾರು ಕೈ ತೋರಿಸಿದರೂ ನಿಲ್ಲಿಸುತ್ತಿದ್ದ; ಮುದುಕಿಯರ ಆಲೂಗಡ್ಡೆ ಮೂಟೆಯನ್ನು ತಾನೇ ಇಳಿಸಿಕೊಡುತ್ತಿದ್ದ. ಮಗಳು ಎರಡು ದಿನಕ್ಕೆ ಅಂತ ಬಿಟ್ಟುಹೋದ ಬೆಕ್ಕು ಆರು ವರ್ಷದಿಂದ ಇವನ ಹಾಸಿಗೆಯಲ್ಲೇ ಮಲಗುತ್ತಿದೆ. ಇಂಥ ಮನುಷ್ಯ ಒಂದಿಡೀ ವಸಂತಕಾಲ ‘ಬೇಡ, ಬೇಡ’ ಅಂತಲೇ ಕಳೆಯಬೇಕಾಯಿತಲ್ಲ, ಅವನ ಹಣೆಬರಹ ನೋಡಿ!

ಪ್ರತಿ ಗುರುವಾರ ಸಂಜೆ ಅಂಕಾಳ ಹೋಟೆಲಿನ ಕಿಟಕಿ ಪಕ್ಕದ ಮೇಜು ಮೂವರದು. ಮೆತೋದ್, ಮನೆಗಳಿಗೆ ಹೆಂಚು ಹೊದಿಸುವ ಲೋವ್ರೊ, ಮತ್ತು ಔಷಧದ ಅಂಗಡಿಯ ಸ್ಲಾವ್ಕಾ. ಊರಿನ ಬೇರೆಯವರೆಲ್ಲ ಏಪ್ರಿಲ್ ಬಂದರೆ ಹಿಮದ ಮೇಲೆ ಜಾರುವ ಸ್ಕೀ ಪಟ್ಟಿಗಳನ್ನು ಒರೆಸಿ ಅಟ್ಟಕ್ಕೆ ಹಾಕುತ್ತಾರೆ. ಇವರಿಗೆ ಆಗಲೇ ಹಬ್ಬ ಶುರು. ಕೆಳಗೆ ಹುಲ್ಲು ಮೊಣಕಾಲುದ್ದ ಬೆಳೆದು ದನ ಮೇಯುತ್ತಿರುವಾಗ, ಜನ ಸಮುದ್ರಕ್ಕೆ ಸ್ನಾನಕ್ಕೆ ಹೊರಟಿರುವಾಗ, ಇವರು ಸ್ಕೀ ಬೆನ್ನಿಗೆ ಕಟ್ಟಿಕೊಂಡು ಉತ್ತರದ ಬಂಡೆಗಳ ಕೊರಕಲುಗಳಲ್ಲಿ ಉಳಿದ ಹಿಮ ಹುಡುಕಿಕೊಂಡು ಹತ್ತುತ್ತಾರೆ. ಅರ್ಧ ದಿನ ಹತ್ತುವುದು, ಹತ್ತು ನಿಮಿಷ ಜಾರಿ ಇಳಿಯುವುದು. ಇದಕ್ಕೆ ಹುಚ್ಚು ಅನ್ನದೆ ಏನನ್ನಬೇಕು? ಆದರೆ ಆ ಹತ್ತು ನಿಮಿಷಕ್ಕಾಗಿ ವಾರಪೂರ್ತಿ ನಕ್ಷೆ ಹರಡಿ, ಎಲ್ಲಿ ಎಷ್ಟು ಹಿಮ ಉಳಿದಿದೆ ಅಂತ ಜಗಳವಾಡುವ ಸುಖ ಇದೆಯಲ್ಲ, ಅದು ಅನುಭವಿಸಿದವರಿಗೇ ಗೊತ್ತು.

ಅವರಲ್ಲಿ ಒಂದು ಕಟ್ಟಳೆಯಿತ್ತು. ಹನ್ನೊಂದು ವರ್ಷದ ಹಿಂದೆ ಅವರು ನಾಲ್ವರು. ನಾಲ್ಕನೆಯವನು ಸ್ಲಾವ್ಕಾಳ ಗಂಡ ಯೆರ್ನೇಯ್. ಒಂದು ಚಳಿಗಾಲದ ಬೆಳಿಗ್ಗೆ ಬೂಟು ಬಿಗಿಯುತ್ತಾ ಹೆಂಡತಿಗೆ ಹೇಳಿದ್ದನಂತೆ: ‘ಇವತ್ತು ಯಾಕೋ ಮನಸ್ಸು ಒಪ್ತಿಲ್ಲ ಕಣೇ. ಆದ್ರೆ ಬೇಡ ಅಂದ್ರೆ ಇವರೆಲ್ಲ ನಗ್ತಾರೆ.’ ಮಧ್ಯಾಹ್ನದ ಹೊತ್ತಿಗೆ ಹಿಮ ಕುಸಿದು ಅವನನ್ನು ಮುಚ್ಚಿತು. ಮಣ್ಣು ಮಾಡಿ ಬಂದು ಊಟಕ್ಕೆ ಕೂತಾಗ ಸ್ಲಾವ್ಕಾ ಈ ಮಾತು ಹೇಳಿದಳು. ಲೋವ್ರೊ ಮೇಜು ಗುದ್ದಿ ಅತ್ತುಬಿಟ್ಟ. ‘ಇನ್ನು ಮೇಲೆ ಒಬ್ಬರು ಬೇಡ ಅಂದ್ರೆ ಎಲ್ಲರೂ ವಾಪಸ್. ಯಾಕೆ ಅಂತ ಕೇಳೋ ಹಾಗಿಲ್ಲ, ನಗೋ ಹಾಗಿಲ್ಲ’ ಅಂದ. ಅವತ್ತಿನಿಂದ ಯಾರೂ ಕೇಳಲಿಲ್ಲ, ಯಾರೂ ನಗಲಿಲ್ಲ.

ಹನ್ನೊಂದು ವರ್ಷದ ಮೇಲೆ, ಒಂದು ಏಪ್ರಿಲ್‌ನಲ್ಲಿ ಲೋವ್ರೊನ ಹೆಂಡತಿ ತೋಂಚ್ಕಾ ಮೆತೋದನನ್ನು ಬೇಲಿಯ ಹತ್ತಿರ ತಡೆದು ನಿಲ್ಲಿಸಿದಳು. ಕೈತುಂಬ ತೋಟದ ಮಣ್ಣು, ಕಣ್ಣು ಕೆಂಪು.

‘ಇವನ ಹೃದಯದ ಕವಾಟ ಕೆಟ್ಟಿದೆಯಂತೆ ಮೆತೋದ್. ಸೆಪ್ಟೆಂಬರಲ್ಲಿ ಆಪರೇಷನ್. ಅಲ್ಲೀವರೆಗೆ ಬೆಟ್ಟದ ಕಡೆ ತಲೆ ಕೂಡ ಹಾಕಬಾರದು ಅಂದಿದ್ದಾರೆ ಡಾಕ್ಟರು. ನಾನು ಹೇಳಿದ್ರೆ ಕೇಳ್ತಾನಾ? ನಿಮ್ಮ ಆ ಕಟ್ಟಳೆ ಇದೆಯಲ್ಲ, ಅದೊಂದನ್ನ ಮಾತ್ರ ಮೀರಲ್ಲ. ನೀನು ಬೇಡ ಅಂದುಬಿಡು.’

‘ನಾನಾ?’

‘ಇನ್ಯಾರು, ನಿಮ್ಮನೆ ಬೆಕ್ಕಾ? ಆದ್ರೆ ನಾನು ಹೇಳಿದೆ ಅಂತ ಯಾರಿಗೂ ಗೊತ್ತಾಗಬಾರದು. ನಿಮ್ಮಮ್ಮನ ಆಣೆ.’

ತೋಂಚ್ಕಾಗೆ ಬೇಡ ಅನ್ನಲಾರದೆ ಮೆತೋದ್ ಆಣೆ ಮಾಡಿದ.

ಮೊದಲ ಗುರುವಾರ ‘ಬೇಡ’ ಅಂದಾಗ ಲೋವ್ರೊ ಕಟ್ಟಳೆಯಂತೆ ನಕ್ಷೆ ಮಡಿಸಿದ. ಎರಡನೆಯ ವಾರವೂ ಹಾಗೇ. ಮೂರನೆಯ ವಾರ ಆಕಾಶ ತೊಳೆದಿಟ್ಟ ಹಾಗಿತ್ತು, ಬೆಳಗಿನ ಹಿಮ ಕಲ್ಲಿನಷ್ಟು ಗಟ್ಟಿ. ಅಂಥ ದಿನಕ್ಕೂ ‘ಬೇಡ’. ಲೋವ್ರೊ ಕೇಳಲಿಲ್ಲ, ಆದರೆ ಬಿಯರ್ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಎದ್ದುಹೋದ. ಇನ್ನೇನು ಬಿಸಿಗಾಳಿ ಬೀಸುತ್ತೆ, ಮಳೆ ಬರುತ್ತೆ, ಹಿಮವೆಲ್ಲ ಕರಗಿ ಈ ಪೀಡೆ ತೊಲಗುತ್ತೆ ಅಂತ ಮೆತೋದ್ ದಿನಾ ಬೆಳಿಗ್ಗೆ ಎದ್ದು ಬೆಟ್ಟ ನೋಡುತ್ತಿದ್ದ. ಜೀವಮಾನವಿಡೀ ಹಿಮ ಕರಗಬಾರದು ಅಂತ ಹರಕೆ ಹೊತ್ತವನು! ಆ ವರ್ಷವೇ ನೋಡಿ, ಮೇ ತಿಂಗಳ ನಡುವೆ ಮತ್ತೆ ಹಿಮ ಬಿತ್ತು. ಊರಿನ ಸ್ಕೀ ಹುಚ್ಚರೆಲ್ಲ ಕುಣಿದಾಡಿದರು. ಮೆತೋದ್ ಬೆಕ್ಕನ್ನು ತೊಡೆ ಮೇಲೆ ಹಾಕಿಕೊಂಡು ತಲೆ ಮೇಲೆ ಕೈ ಹೊತ್ತು ಕೂತ.

‘ಇವನಿಗೆ ಅಭ್ಯಾಸ ಆಗ್ಬಿಟ್ಟಿದೆ’ ಅಂದ ಲೋವ್ರೊ ಒಂದು ಗುರುವಾರ, ಅಂಕಾಳ ಕಡೆ ತಿರುಗಿ. ‘ಊಟಕ್ಕೆ ಏನು ಕೊಡ್ಲಿ ಅಂತ ಕೇಳು, ಅದಕ್ಕೂ ಬೇಡ ಅಂತಾನೆ.’ ಅಂಕಾ ಕಿಸಕ್ಕನೆ ನಕ್ಕಳು. ಸ್ಲಾವ್ಕಾ ಮಾತ್ರ ನಗಲಿಲ್ಲ.

ಜೂನ್‌ನ ಎರಡನೆಯ ವಾರ ಸ್ಲಾವ್ಕಾಳೇ ಬಾಯಿಬಿಟ್ಟಳು. ‘ಈ ಭಾನುವಾರ ಯೆರ್ನೇಯ್ ಹುಟ್ಟಿದ ದಿನ. ಕೋತೆಲ್ ಕೊರಕಲು ಅಂದ್ರೆ ಅವನಿಗೆ ಪ್ರಾಣ. ಅಲ್ಲಿಗೆ ಹೋಗೋಣ. ಮೆತೋದ್, ಇದೊಂದು ಸಲ ಬೇಡ ಅನ್ನಬೇಡ ಮಾರಾಯ.’

ಮೆತೋದನ ಪಾಡು ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಹಾಗಾಯಿತು. ಅತ್ತ ಆಣೆ, ಇತ್ತ ಈ ಮುಖ. ಹೂಂ ಅಂದ. ಮನೆಗೆ ಹೋಗುವ ದಾರಿಯಲ್ಲಿ ತನಗೆ ತಾನೇ ಸಮಾಧಾನ ಹೇಳಿಕೊಂಡ: ನಿಧಾನಕ್ಕೆ ಹತ್ತಿದರಾಯಿತು, ನನಗೆ ಮಂಡಿನೋವು ಅಂತ ಹೆಜ್ಜೆಹೆಜ್ಜೆಗೂ ಕೂತರೆ ಲೋವ್ರೊನಿಗೂ ಕೂರಬೇಕಾಗುತ್ತೆ.

ಹಾಗೇ ಮಾಡಿದ. ಬೆಳಗಿನ ಜಾವ ಹೊರಟವರು ಹುಲ್ಲುಗಾವಲು ದಾಟುವಷ್ಟರಲ್ಲೇ ಎಷ್ಟೋ ಸಲ ಕೂತರು. ‘ಅಯ್ಯಯ್ಯೋ ನನ್ನ ಮಂಡಿ’ ಅಂತ ಮೆತೋದ್ ನರಳಿದಾಗಲೆಲ್ಲ ಲೋವ್ರೊ ಗೇಲಿ ಮಾಡಿದ: ‘ಅಜ್ಜಾ, ಡೋಲಿ ತರಿಸೋಣ್ವಾ?’ ಗೇಲಿ ಮಾಡಿಕೊಂಡೇ ತಾನೂ ಬಂಡೆಗೆ ಒರಗಿ ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಅವನ ತುಟಿಯ ನೀಲಿ ಬಣ್ಣ ಮೆತೋದನಿಗೆ ಹಿಡಿಸಲಿಲ್ಲ. ಇನ್ನೂ ನಿಧಾನ ಮಾಡಿದ.

ಕೊರಕಲಿನ ನೆತ್ತಿ ತಲುಪಿದಾಗ ಬಿಸಿಲು ಇವರಿಗಿಂತ ಮೊದಲೇ ಬಂದು ಕೂತಿತ್ತು. ಗಟ್ಟಿಯಿರಬೇಕಾದ ಹಿಮಕ್ಕೆ ಕೋಲು ಊರಿದರೆ ಹಿಡಿಯವರೆಗೆ ಹೋಯಿತು. ಮೆತೋದ್ ಬಗ್ಗಿ ಕಿವಿಗೊಟ್ಟ. ಕೆಳಗಡೆ, ಕೊರಕಲಿನ ಹೊಟ್ಟೆಯೊಳಗೆ, ನೀರು ಹರಿಯುವ ಸದ್ದು. ಮೇಲೆ ಹಿಮದ ಚಾವಣಿ, ಒಳಗೆ ಪೊಳ್ಳು. ಅಯ್ಯೋ, ಇಷ್ಟು ತಡ ಮಾಡಿಸಿದ್ದು ತಾನೇ ಅಲ್ಲವೇ!

‘ಬೇಡ’ ಅಂದ. ‘ನಡೆದು ಇಳಿಯೋಣ. ಬೇಡ.’

ಲೋವ್ರೊ ಸ್ಕೀ ಕಟ್ಟಿಕೊಳ್ಳುತ್ತಲೇ ತಲೆಯೆತ್ತಿದ. ‘ಬಂತಪ್ಪಾ! ಬೆಳಿಗ್ಗೆಯಿಂದ ಕಾಯ್ತಿದ್ದೆ, ಇನ್ನೂ ಬಂದಿಲ್ವಲ್ಲ ಅಂತ.’

‘ಲೋವ್ರೊ, ಇದು ನಿಜವಾದ ಬೇಡ ಕಣೋ!’

‘ಹಾಗಾದ್ರೆ ಮಿಕ್ಕಿದ್ದೆಲ್ಲ ಏನು?’ ಅಂದ ಲೋವ್ರೊ. ಆಣೆ ಮಾಡಿದ ಮೆತೋದ್ ಏನಂತ ಹೇಳುತ್ತಾನೆ? ಅಷ್ಟರಲ್ಲಿ ಲೋವ್ರೊ ಹೊರಟೇಬಿಟ್ಟ.

ಚೆನ್ನಾಗಿಯೇ ಇಳಿದ, ಪುಣ್ಯಾತ್ಮ. ಅವನು ನಡುವಿನ ಇಕ್ಕಟ್ಟು ದಾಟಿ ಮೂರು ತಿರುವು ಮುಂದೆ ಹೋದ ಮೇಲೆ ಹಿಂದೆ ಅವನ ಜಾಡಿನ ಮೇಲೇ ಹಿಮ ಬುಸ್ಸೆಂದು ಒಳಗೆ ಕುಸಿಯಿತು. ಒಂದು ಬಸ್ಸು ಹಿಡಿಸುವಷ್ಟು ಕಪ್ಪು ಗುಂಡಿ. ಲೋವ್ರೊ ತಿರುಗಿ ನೋಡಲಿಲ್ಲ; ಕೆಳಗಿನಿಂದ ಗುಂಡಿ ಹಿಮದ ಉಬ್ಬಿನ ಮರೆಯಲ್ಲಿತ್ತು. ಬುಡದಲ್ಲಿ ನಿಂತು ಎರಡೂ ಕೈ ಬೀಸಿ ಕೂಗಿದ: ‘ಬೆಣ್ಣೆ ಕಣ್ರೋ, ಬೆಣ್ಣೆ! ಬನ್ನಿ!’

ಸ್ಲಾವ್ಕಾ ಗುಂಡಿಯನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು, ‘ಯಾಕೆ ಮೆತೋದ್? ವಸಂತಪೂರ್ತಿ ಯಾಕೆ ಬೇಡ ಅಂದೆ?’

ಕೇಳಬಾರದ್ದನ್ನು ಅವಳೇ ಕೇಳಿದ್ದಳು. ಆಣೆ ಮುರಿದು ಎಲ್ಲ ಹೇಳಿದ. ಹೇಳುತ್ತಾ ಅತ್ತ. ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಯೆರ್ನೇಯ್ ಸತ್ತು ನಮಗೆ ಉಳಿಸಿಹೋಗಿದ್ದು ಬೇಡ ಅನ್ನೋ ಅದೊಂದೇ ಮಾತು’ ಅಂದಳು. ‘ಅದನ್ನ ಖಾಲಿ ಮಾಡ್ಬಿಟ್ಟೆಯಲ್ಲೋ. ನನ್ನ ಹತ್ರ ಹೇಳಿದ್ರೆ ಆಗ್ತಿರ್ಲಿಲ್ವಾ?’ ಸ್ಕೀ ಬೆನ್ನಿಗೆ ಕಟ್ಟಿಕೊಂಡು ಬಂಡೆಯ ಪಕ್ಕದ ಕಾಲುದಾರಿಯಲ್ಲಿ ಇಳಿಯತೊಡಗಿದಳು. ಮೆತೋದ್ ಹಿಂದೆ ಹಿಂದೆ ಇಳಿದ. ಮಂಡಿ ಈಗ ನಿಜವಾಗಿಯೂ ನೋಯುತ್ತಿತ್ತು.

ಮುಂದಿನ ಗುರುವಾರ ಲೋವ್ರೊ ಎಲ್ಲರಿಗಿಂತ ಮೊದಲೇ ಬಂದು ನಕ್ಷೆ ಹರಡಿದ್ದ. ಕಾಯಿಲೆಯಿಂದ ಮುಖ ಊದಿಕೊಂಡಿತ್ತು, ಉತ್ಸಾಹ ಮಾತ್ರ ಹುಡುಗನದು. ‘ಹಿಂಬದಿಯ ಕೊರಕಲಲ್ಲಿ ಇನ್ನೂ ಹಿಮ ಇದೆ. ಭಾನುವಾರ ಹೋಗೋಣ’ ಅಂದ.

‘ಬೇಡ’ ಅಂದ ಮೆತೋದ್. ಗುಂಡಿಯ ವಿಷಯ ಹೇಳಿದ. ಅವನ ಜಾಡಿನ ಮೇಲೇ ಬಿದ್ದದ್ದು ಅಂತ ಕೈಯಿಂದ ಅಳತೆ ತೋರಿಸಿ ಹೇಳಿದ.

‘ನಾನು ನೋಡ್ಲಿಲ್ಲಪ್ಪ’ ಅಂತ ಲೋವ್ರೊ ಕಣ್ಣು ಹೊಡೆದ.

ಆಗ ಸ್ಲಾವ್ಕಾ ಲೋಟ ಕೆಳಗಿಟ್ಟಳು. ‘ಬೇಡ ಲೋವ್ರೊ. ನಾನು ಹೇಳ್ತಿದೀನಿ. ಬೇಡ.’

ಲೋವ್ರೊನಿಗೆ ನಗು ತಡೆಯಲಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಂಕಾಳೂ ನಕ್ಕಳು.

‘ಅಯ್ಯೋ ದೇವರೇ, ನಿನಗೂ ಅಂಟಿಸ್ಬಿಟ್ಟನಾ ಇವನು?’ ಅಂದ ಲೋವ್ರೊ ಕಣ್ಣೊರೆಸಿಕೊಳ್ಳುತ್ತಾ. ‘ಆಯ್ತು, ಇಬ್ಬರದ್ದೂ ಬೇಡ ಮುಗೀತಲ್ಲ? ಈಗ ಹೇಳಿ, ಎಷ್ಟು ಗಂಟೆಗೆ ಹೊರಡೋಣ?’