ಮಗ್ಗದ ಶೆಡ್ಡಿನ ಇಂಗ್ಲಿಷು

ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಅಕ್ಕನ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕಿತ್ತು. ಗಂಟಲಿನ ಆಪರೇಷನ್ ಆಗಿ ಅವಳ ಗಂಡ ಮೇಸ್ತ್ರಿಯ ದನಿ ಹೋಗಿತ್ತು. ಇನ್ನು ಬರುವುದಿಲ್ಲವೆಂದು ಡಾಕ್ಟರು ಹೇಳಿಯೂ ಆಗಿತ್ತು. ಮಗಳು ತಂದುಕೊಟ್ಟ ಸ್ಲೇಟನ್ನು ಆತ ಮಂಚದ ಕೆಳಗೆ ತಳ್ಳಿದ್ದ. ಯಾರಾದರೂ ಮಾತಾಡಿಸಿದರೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದ. ಊಟವೂ ಸೇರುತ್ತಿರಲಿಲ್ಲ. ಹೀಗೇ ಬಿಟ್ಟರೆ ಗಂಡ ಕೈತಪ್ಪಿ ಹೋಗುತ್ತಾನೆಂದು ಅಕ್ಕನಿಗೆ ದಿಗಿಲು ಹತ್ತಿತು.

ಓಣಿಗೆಲ್ಲ ಅವಳು ಅಕ್ಕ. ಬಟ್ಟೆ ಗಿರಣಿಯಲ್ಲಿ ಕೂದಲು ನರೆಯುವವರೆಗೆ ಮಗ್ಗ ನಡೆಸಿದವಳು. ಅದೇ ಸಾಲಿನ ಮಗ್ಗಗಳ ರಿಪೇರಿ ಗಂಡನದು. ಆ ಶೆಡ್ಡಿನ ಗದ್ದಲದಲ್ಲಿ ಕಿವಿ ಇದ್ದೂ ಇಲ್ಲದ ಹಾಗೆ. ಕೆಲಸಗಾರರೋ ನಾನಾ ಭಾಷೆಯವರು. ಯಂತ್ರದ ಜೊತೆ ಬಂದ ಇಂಗ್ಲಿಷನ್ನೇ ಹಿಡಿದು, ಕಣ್ಣಿಗೆ ಕಾಣುವ ಹಾಗೆ ತಿದ್ದಿಕೊಂಡಿದ್ದರು. ದನಿ ಬೇಡ, ತುಟಿ ಸಾಕು. ‘ಲೂಮ್’ ಎನ್ನುವುದು ‘ಲೂಮಾ’ ಆಯಿತು, ‘ಸ್ಟಾಪ್’ ಎನ್ನುವುದು ‘ಸಟಾಪಾ’. ಬಾಯಿ ತೆರೆದೇ ಪದ ಮುಗಿಯಬೇಕು. ‘ಬಾಸ್’, ‘ಪಾಸ್’ ಎರಡಕ್ಕೂ ತುಟಿ ಒಂದೇ ಥರ ಕೂಡುವುದರಿಂದ ಹ್ಯಾಟು ಹಾಕುತ್ತಿದ್ದ ಸಾಹೇಬನಿಗೆ ‘ಹ್ಯಾಟೋ’ ಎಂದು ಹೆಸರಿಟ್ಟರು. ಆ ಹ್ಯಾಟೋನ ಬೆನ್ನ ಹಿಂದೆ ಅವನನ್ನು ಹಿಗ್ಗಾಮುಗ್ಗಾ ಬೈದು, ಆತ ತಿರುಗುವಷ್ಟರಲ್ಲಿ ಹಸುವಿನಂತೆ ನಿಲ್ಲುವುದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಅದು ಇಂಗ್ಲಿಷೇ ಅಲ್ಲ ಎನ್ನುವವರು ಎನ್ನಲಿ ಬಿಡಿ, ಅವರ ಇಂಗ್ಲಿಷಿಗೆ ಇಷ್ಟು ಧೈರ್ಯವಿದ್ದರೆ ತೋರಿಸಲಿ.

ಆದರೆ ಶೆಡ್ಡಿನ ಮಾತು ಮನೆಗೆ ಬರಕೂಡದು. ಅದರಲ್ಲಿ ಅರ್ಧ ಬೈಗುಳ, ಇನ್ನರ್ಧ ಚಾಡಿ. ಮಕ್ಕಳೆದುರು ಆಡಿದರೆ ಮರ್ಯಾದೆ ಉಳಿದೀತೇ? ಗೇಟು ದಾಟಿದ ಮೇಲೆ ಗಂಡ ಹೆಂಡತಿ ಅದರ ಒಂದು ಪದವನ್ನೂ ಆಡಿದವರಲ್ಲ. ಹಾಗಾಗಿ ದನಿಯೇ ಬೇಡದ ಭಾಷೆಯೊಂದು ತಮ್ಮ ಬಾಯಲ್ಲೇ ಇದೆಯೆಂದು ಇಬ್ಬರಿಗೂ ಹೊಳೆಯಲಿಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಹಾಗೆ.

ಒಂದು ಬೆಳಿಗ್ಗೆ ಕಿಟಕಿಯಾಚೆ ರಸ್ತೆ ಒಡೆಯುವ ಯಂತ್ರ ಶುರುವಾಯಿತು. ಪಾತ್ರೆಗಳೆಲ್ಲ ನಡುಗಿದವು. ಮೇಸ್ತ್ರಿ ಬೆಚ್ಚಿ ಎದ್ದು ಕೂತ. ಬಾಗಿಲಲ್ಲಿ ನಿಂತಿದ್ದ ಅಕ್ಕನ ಬಾಯಿ, ಅವಳನ್ನು ಕೇಳದೆಯೇ, ಅಗಲವಾಗಿ ತೆರೆಯಿತು: ‘ಟೀಯಾ?’

ಮೇಸ್ತ್ರಿಯ ತುಟಿ ಅಲುಗಿತು: ‘ಶುಗಾ ನೋ.’

ಅಕ್ಕ ಇನ್ನೊಂದು ಕೇಳಿದಳು, ಆತ ಅದಕ್ಕೂ ತುಟಿಯಲ್ಲೇ ಉತ್ತರ ಕೊಟ್ಟ. ಆಮೇಲೆ ಹೊರಗಿನ ಯಂತ್ರ ನಿಂತರೂ ಇವರು ನಿಲ್ಲಿಸಲಿಲ್ಲ. ಅಡುಗೆಮನೆಯಿಂದ ಇದನ್ನು ಕಂಡು ಮಗಳು ಓಡಿ ಬಂದಳು.

“ಅಮ್ಮಾ, ಏನಾಯ್ತು? ಇಬ್ರೂ ಹೀಗ್ಯಾಕೆ ಬಾಯಿ ಬಿಡ್ತಿದ್ದೀರಾ?”

“ಸುಮ್ನಿರೇ, ನಿಮ್ಮಪ್ಪ ನನ್ನ ಬೈತಿದ್ದಾರೆ. ನನ್ನ ಟೀ ಯಾವಾಗ್ಲೂ ಪಾನಕ ಇದ್ದ ಹಾಗೆ ಇರುತ್ತಂತೆ!” ಎಂದು ಅಕ್ಕ ಕಣ್ಣೊರೆಸಿಕೊಂಡಳು. ಬೈಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ಆ ಮಗಳು ಹಿಂದೆ ಕಂಡಿರಲಿಲ್ಲ.

ಮಗಳು ಒಳಗೆ ಹೋದ ಮೇಲೆ ಮೇಸ್ತ್ರಿ ಹೆಂಡತಿಯನ್ನೇ ನೋಡುತ್ತ ಕೂತ. ಆ ಇಂಗ್ಲಿಷಿನಲ್ಲಿ ಭಯಕ್ಕೆ ಪದವಿಲ್ಲ. ನೂಲು ಸವೆದು ಇನ್ನೇನು ಹರಿಯುತ್ತದೆ ಎನ್ನುವಾಗ ಪಕ್ಕದ ಮಗ್ಗದವರನ್ನು ಕರೆಯಲು ಒಂದು ಪದವಿದೆ. ಆತ ಅದನ್ನೇ ಆಡಿದ.

‘ಮೀ ಥೀನಾ.’ ನಾನು ಸವೆದಿದ್ದೇನೆ.

ದನಿ ಇದ್ದ ಕಾಲದಲ್ಲಿ ಆತ ಇಂಥ ಮಾತು ಆಡಿದವನಲ್ಲ. ಅಂಥ ಕರೆಗೆ ಶೆಡ್ಡಿನಲ್ಲಿ ಉತ್ತರ ಒಂದೇ. ಅಕ್ಕ ಆತನೆದುರು ಬಂದು ಕೂತು, ಒಂದೊಂದು ಪದವೂ ಕಾಣುವಂತೆ, ಬಾಯಿ ತುಂಬ ಹೇಳಿದಳು.

‘ಮೀ ನಾಟಾ.’ ಗಂಟು ನಾನು ಹಾಕುತ್ತೇನೆ.